ನಾಮಫಲಕ ಮತ್ತು ಸಮಾರಂಭ ಫಲಕ: ಸ್ಥಳೀಯ ನಿಯಮಗಳಲ್ಲಿ ಸಾರ್ವಜನಿಕ ಬರಹದ ಪರಿಕಲ್ಪನೆ

1

ಕನ್ನಡ ಸಂಶೋಧನೆಗೆ ಸಾರ್ವಜನಿಕ ಬರಹ ಹೊಸ ವಿಷಯವಲ್ಲ. ಊರ ಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ದೇವಾಲಯದ ಅಂಗಳದಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ನಿಲ್ಲಿಸಿದ ಶಾಸನಗಳನ್ನು ಓದುವುದರಿಂದಲೇ ಈ ಶಿಸ್ತು ತನ್ನ ಅಡಿಪಾಯವನ್ನು ಕಂಡುಕೊಂಡಿತು. ಬಿ. ಎಲ್. ರೈಸ್ ಅವರು ಆರಂಭಿಸಿದ 'ಎಪಿಗ್ರಾಫಿಯಾ ಕರ್ನಾಟಿಕ' ಸಂಪುಟಗಳಿಂದ ಮೊದಲ್ಗೊಂಡು ಇಂದಿನವರೆಗೂ ಶಾಸನವನ್ನು ಭಾಷೆ, ಲಿಪಿ, ಸಮಾಜ, ಆಡಳಿತ ಎಂಬ ನಾಲ್ಕೂ ನೆಲೆಗಳಿಂದ ನೋಡುವ ಪರಂಪರೆ ನಮ್ಮಲ್ಲಿದೆ. ಆದರೆ ಇಂದಿನ ಬೀದಿಯ ಬರಹವನ್ನು, ಅಂದರೆ ಅಂಗಡಿಯ ನಾಮಫಲಕವನ್ನು, ಗಣೇಶೋತ್ಸವದ ಬ್ಯಾನರನ್ನು, ರಾಜ್ಯೋತ್ಸವದ ಶುಭಾಶಯ ಫಲಕವನ್ನು ಅದೇ ಗಾಂಭೀರ್ಯದಿಂದ ಪರಿಶೀಲಿಸುವ ಪ್ರಯತ್ನಗಳು ವಿರಳ. ಅವುಗಳ ಚರ್ಚೆ ಪತ್ರಿಕೆಯ ವರದಿಗೂ ಚಳವಳಿಯ ಬೇಡಿಕೆಗೂ ನ್ಯಾಯಾಲಯದ ಕಲಾಪಕ್ಕೂ ಸೀಮಿತವಾಗಿದೆ.

ಈ ಫಲಕಗಳನ್ನು ನಿಯಂತ್ರಿಸುವ ನಿಯಮಗಳೂ ಒಂದು ಬಗೆಯ ಪಠ್ಯಗಳೇ. ಬೀದಿಯಲ್ಲಿ ಯಾರು, ಯಾವ ಭಾಷೆಯಲ್ಲಿ, ಎಷ್ಟು ಗಾತ್ರದಲ್ಲಿ, ಎಷ್ಟು ದಿನ ಬರೆಯಬಹುದು ಎಂಬುದನ್ನು ಅವು ನಿರ್ಧರಿಸುತ್ತವೆ. ಹಾಗೆ ನಿರ್ಧರಿಸುವಾಗ ಬರಹವೆಂದರೆ ಏನು, ಓದುಗನೆಂದರೆ ಯಾರು ಎಂಬ ಕಲ್ಪನೆಯೊಂದನ್ನು ಮೌನವಾಗಿ ಒಪ್ಪಿಕೊಂಡಿರುತ್ತವೆ. ಆ ಕಲ್ಪನೆಯನ್ನು ಕರ್ನಾಟಕದ, ಮುಖ್ಯವಾಗಿ ಬೆಂಗಳೂರಿನ, ನಿಯಮಗಳನ್ನು ಆಧರಿಸಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಫಲಕಗಳಲ್ಲಿ ಎರಡು ಮುಖ್ಯ ವರ್ಗಗಳನ್ನು ಇಲ್ಲಿ ಗುರುತಿಸಲಾಗಿದೆ. ವ್ಯಾಪಾರದ ಸ್ಥಳದಲ್ಲಿ ಸ್ಥಿರವಾಗಿ ನಿಲ್ಲುವ ನಾಮಫಲಕ ಮೊದಲನೆಯದು. ಹಬ್ಬ, ಜಾತ್ರೆ, ಸಭೆ, ಮದುವೆ, ಹುಟ್ಟುಹಬ್ಬ, ಚಲನಚಿತ್ರ ಬಿಡುಗಡೆ, ಶ್ರದ್ಧಾಂಜಲಿ ಮೊದಲಾದ ಸಂದರ್ಭಗಳಲ್ಲಿ ಕೆಲವು ದಿನಗಳ ಮಟ್ಟಿಗೆ ಕಾಣಿಸಿಕೊಳ್ಳುವ ಸಮಾರಂಭ ಫಲಕ ಎರಡನೆಯದು. ಮೊದಲನೆಯದನ್ನು ನಮ್ಮ ನಿಯಮಗಳು ಅಳತೆಯ ವಸ್ತುವಾಗಿ ನೋಡಿವೆ, ಎರಡನೆಯದನ್ನು ವಿರೂಪದ ವಸ್ತುವಾಗಿ ನೋಡಿವೆ. ಓದುಗನಿಗಾಗಿ ಬರೆದ ಬರಹವೆಂಬ ನೆಲೆಯಿಂದ ಎರಡನ್ನೂ ನೋಡಿಲ್ಲ. ಕನ್ನಡವನ್ನು ಬೀದಿಯಲ್ಲಿ ಉಳಿಸಬೇಕೆಂಬ ಆಶಯಕ್ಕೆ ಇದರಿಂದಲೇ ತೊಡಕುಂಟಾಗಿದೆ ಎಂಬುದನ್ನು ಮುಂದಿನ ಭಾಗಗಳಲ್ಲಿ ವಿವರಿಸಲಾಗಿದೆ.

2

ಎರಡು ಬಗೆಯ ಫಲಕಗಳ ನಿಯಮಗಳು ಎರಡು ಬೇರೆ ಮೂಲಗಳಿಂದ ಬಂದವು. ನಾಮಫಲಕದ ನಿಯಮ ಕಾರ್ಮಿಕ ಕಾನೂನಿನ ಆವರಣದಲ್ಲಿ ಮೊದಲು ನೆಲೆ ಪಡೆಯಿತು. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವು ಕೆಲಸದ ಅವಧಿ, ವಾರದ ರಜೆ, ನೋಂದಣಿ ಮೊದಲಾದುವನ್ನು ಕುರಿತದ್ದು. ಅದರ ಅಡಿಯಲ್ಲಿ ರಚಿತವಾದ 1963ರ ನಿಯಮಗಳಿಗೆ ಮುಂದೆ ಸೇರಿದ 24-ಎ ನಿಯಮವು, ಸಂಸ್ಥೆಯ ನಾಮಫಲಕ ಕನ್ನಡದಲ್ಲಿರಬೇಕು, ಇತರ ಭಾಷೆಗಳನ್ನು ಬಳಸಿದಲ್ಲಿ ಅವು ಕನ್ನಡದ ಕೆಳಗೆ ಬರಬೇಕು ಎಂದು ಹೇಳಿತು. ಇಲ್ಲಿ ಪ್ರಮಾಣದ ಮಾತಿಲ್ಲ, ಸ್ಥಾನದ ಮಾತಷ್ಟೇ ಇದೆ. ಕನ್ನಡ ಮೇಲೆ, ಉಳಿದದ್ದು ಕೆಳಗೆ ಎಂಬ ಕ್ರಮವನ್ನು ಅದು ವಿಧಿಸಿತು.

ಸ್ಥಾನದಿಂದ ಪ್ರಮಾಣಕ್ಕೆ ನಿಯಮ ಹೊರಳಿದ್ದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ರಿಂದ. 2022ರಲ್ಲಿ ಮಂಡನೆಯಾಗಿ 2023ರಲ್ಲಿ ಅಂಗೀಕಾರ ಪಡೆದ ಈ ಕಾನೂನಿನ 17ನೆಯ ಪ್ರಕರಣದ 6ನೆಯ ಉಪಪ್ರಕರಣವು ವಾಣಿಜ್ಯ ಹಾಗೂ ಕೈಗಾರಿಕಾ ಸಂಸ್ಥೆಗಳು, ಆಸ್ಪತ್ರೆಗಳು, ಪ್ರಯೋಗಾಲಯಗಳು, ಹೋಟೆಲುಗಳು ಮೊದಲಾದುವುಗಳ ನಾಮಫಲಕದ ಮೇಲಿನ ಅರ್ಧಭಾಗ ಕನ್ನಡದಲ್ಲಿರಬೇಕೆಂದು ಸೂಚಿಸಿತು. 2023ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ನಡೆದ ಚಳವಳಿಯ ತರುವಾಯ ಸರ್ಕಾರವು ಅರ್ಧವನ್ನು ಶೇಕಡಾ 60ಕ್ಕೆ ಏರಿಸಲು ಮುಂದಾಯಿತು. 2024ರ ಜನವರಿಯಲ್ಲಿ ಕಳುಹಿಸಿದ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಹಿಂದಿರುಗಿಸಿದರು. ಅದೇ ವರ್ಷದ ಫೆಬ್ರವರಿಯಲ್ಲಿ ವಿಧಾನಮಂಡಲ ತಿದ್ದುಪಡಿ ವಿಧೇಯಕವನ್ನು ಅಂಗೀಕರಿಸಿತು. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2024ರ ಫೆಬ್ರವರಿ 28ನ್ನು ಗಡುವಾಗಿಸಿ, ಪಾಲಿಸದ ಮಳಿಗೆಗಳಿಗೆ ನೋಟಿಸು ನೀಡಿತು. ಉದ್ದಿಮೆ ಪರವಾನಗಿಯನ್ನು ಅಮಾನತುಗೊಳಿಸುವ ಎಚ್ಚರಿಕೆಯನ್ನೂ ಕೊಟ್ಟಿತು.

ಸಮಾರಂಭ ಫಲಕದ ನಿಯಮದ ಹಾದಿ ಬೇರೆ. 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್‌ಗಳ ಅಧಿನಿಯಮವು ಜಾಹೀರಾತನ್ನು ಮುಖ್ಯವಾಗಿ ತೆರಿಗೆಯ ವಿಷಯವಾಗಿ ಕಂಡಿತು. ಆಯುಕ್ತರ ಲಿಖಿತ ಅನುಮತಿಯಿಲ್ಲದೆ ಜಾಹೀರಾತನ್ನು ಪ್ರದರ್ಶಿಸಬಾರದೆಂದು ಅದು ವಿಧಿಸಿತು. ಆದರೆ ಸಾರ್ವಜನಿಕ ಸಭೆಯ ಪ್ರಕಟಣೆಗಳನ್ನೂ ಕಟ್ಟಡದೊಳಗೆ ನಡೆಯುವ ವ್ಯಾಪಾರವನ್ನು ಕುರಿತ ಫಲಕಗಳನ್ನೂ ತೆರಿಗೆಯಿಂದ ಹೊರಗಿಟ್ಟಿತು. ಸಭೆ ಸೇರುವುದಕ್ಕೂ ತನ್ನ ಮಳಿಗೆಯ ಹೆಸರನ್ನು ಹೇಳಿಕೊಳ್ಳುವುದಕ್ಕೂ ತೆರಿಗೆ ಸಲ್ಲದು ಎಂಬ ವಿವೇಕ ಇಲ್ಲಿದೆ. ಇದಕ್ಕೆ ವ್ಯತಿರಿಕ್ತವಾದ ದೃಷ್ಟಿ 1981ರ ಕರ್ನಾಟಕ ತೆರೆದ ಸ್ಥಳಗಳ (ವಿರೂಪಗೊಳಿಸುವುದನ್ನು ತಡೆಗಟ್ಟುವ) ಅಧಿನಿಯಮದ್ದು. ಸಾರ್ವಜನಿಕರ ಕಣ್ಣಿಗೆ ಬೀಳುವ ಯಾವುದೇ ಸ್ಥಳದಲ್ಲಿ ಸ್ಥಳೀಯ ಪ್ರಾಧಿಕಾರದ ಲಿಖಿತ ಅನುಮತಿಯಿಲ್ಲದೆ ಜಾಹೀರಾತನ್ನು ಅಂಟಿಸಿದರೆ, ನಿಲ್ಲಿಸಿದರೆ, ಬರೆದರೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 1,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ಅದು ವಿಧಿಸುತ್ತದೆ. 2016ರ ಮಾರ್ಚ್ 11ರ ಅಧಿಸೂಚನೆಯಿಂದ ಪ್ಲಾಸ್ಟಿಕ್ಕಿನ ಫ್ಲೆಕ್ಸ್, ಬ್ಯಾನರ್, ಬಂಟಿಂಗ್, ಧ್ವಜಗಳು ಪರಿಸರದ ಕಾರಣಕ್ಕಾಗಿಯೂ ನಿಷೇಧಕ್ಕೊಳಗಾದವು. 2018ರ ಆಗಸ್ಟ್‌ನಲ್ಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠದ ಆದೇಶದಂತೆ ಬೆಂಗಳೂರಿನ ಬೀದಿಗಳಿಂದ ಅನಧಿಕೃತ ಫ್ಲೆಕ್ಸ್‌ಗಳನ್ನು ಸಾಮೂಹಿಕವಾಗಿ ತೆರವುಗೊಳಿಸಲಾಯಿತು.

ಈ ಎರಡು ಹಾದಿಗಳು ಎಲ್ಲಿಯೂ ಕೂಡುವುದಿಲ್ಲ ಎಂಬುದು ಗಮನಾರ್ಹ. ಭಾಷೆಯ ಕಾನೂನು ಅಂಗಡಿಯ ಬಾಗಿಲಿನ ಮೇಲ್ಭಾಗವನ್ನು ನೋಡುತ್ತದೆ. ವಿರೂಪದ ಕಾನೂನು ರಸ್ತೆಯ ಕಂಬವನ್ನೂ ವೃತ್ತವನ್ನೂ ನೋಡುತ್ತದೆ. ಎರಡರ ನಡುವೆ ನಡೆದುಹೋಗುವ ಓದುಗ ಮಾತ್ರ ಒಬ್ಬನೇ.

3

ಶೇಕಡಾ 60ರ ನಿಯಮದ ಮೊದಲ ಸಮಸ್ಯೆ ಭಾಷೆ ಮತ್ತು ಲಿಪಿಗಳ ಅಭೇದ ಕಲ್ಪನೆಗೆ ಸಂಬಂಧಿಸಿದೆ. ಕಾನೂನಿನ ಪದ 'ಕನ್ನಡ ಭಾಷೆ'. ಆಚರಣೆಯಲ್ಲಿ ತೃಪ್ತಿಗೊಳ್ಳುವುದು ಕನ್ನಡ ಲಿಪಿ. 'ನ್ಯೂ ಫ್ಯಾಷನ್ ಕಲೆಕ್ಷನ್ಸ್', 'ಎಲೆಕ್ಟ್ರಿಕಲ್ಸ್ ಅಂಡ್ ಹಾರ್ಡ್‌ವೇರ್ಸ್', 'ಮಲ್ಟಿ ಸ್ಪೆಷಾಲಿಟಿ ಡೆಂಟಲ್ ಕ್ಲಿನಿಕ್' ಎಂಬಂಥ ಬರಹಗಳು ಕನ್ನಡ ಅಕ್ಷರಗಳಲ್ಲಿ ದೊಡ್ಡದಾಗಿ ಮೂಡಿದರೆ ನಿಯಮ ಪಾಲನೆಯಾಗುತ್ತದೆ. ಎರವಲು ಪದಗಳನ್ನು ಕನ್ನಡವಲ್ಲವೆಂದು ತಳ್ಳುವುದು ಇಲ್ಲಿನ ವಾದವಲ್ಲ. ಬಸ್ಸು, ಹೋಟೆಲು, ಬೇಕರಿ, ಸೈಕಲ್ ಶಾಪು ಕನ್ನಡಿಗರ ಬಾಯಲ್ಲಿ ಕನ್ನಡವೇ ಆಗಿವೆ. ಪ್ರಶ್ನೆಯಿರುವುದು ಓದುಗನ ಕಡೆಯಿಂದ. ಇಂಗ್ಲಿಷ್ ಬಲ್ಲವನು ಮೂಲ ಲಿಪಿಯಲ್ಲಿಯೇ ಅದನ್ನು ಸುಲಭವಾಗಿ ಓದುತ್ತಾನೆ. ಕನ್ನಡ ಮಾತ್ರ ಬಲ್ಲವನು ಅಕ್ಷರಗಳನ್ನು ಕೂಡಿಸಿ ಉಚ್ಚರಿಸಬಲ್ಲನಾದರೂ ಒಳಗೆ ಏನು ದೊರೆಯುತ್ತದೆ ಎಂಬುದು ಅನೇಕ ವೇಳೆ ಅವನಿಗೆ ತಿಳಿಯುವುದಿಲ್ಲ. ಹೀಗಾಗಿ ಲಿಪ್ಯಂತರಗೊಂಡ ಫಲಕ ಇಬ್ಬರಲ್ಲಿ ಯಾರಿಗೂ ಹೆಚ್ಚಿನ ಉಪಕಾರ ಮಾಡದೆ ನಿಯಮಕ್ಕಷ್ಟೇ ಉತ್ತರ ಕೊಡುತ್ತದೆ.

ಎರಡನೆಯ ಸಮಸ್ಯೆ ಲಿಪಿಯ ರಚನೆಗೇ ಸೇರಿದ್ದು. ರೋಮನ್ ಲಿಪಿಯ ದೊಡ್ಡಕ್ಷರಗಳು ಒಂದೇ ಎತ್ತರದ ಪಟ್ಟಿಯೊಳಗೆ ನಿಲ್ಲುತ್ತವೆ. ಕನ್ನಡದ ಅಕ್ಷರ ಹಾಗಲ್ಲ. ಮೇಲೆ ತಲೆಕಟ್ಟು ಮತ್ತು ಗುಣಿತದ ಚಿಹ್ನೆಗಳು, ಬಲಕ್ಕೆ ದೀರ್ಘ ಮತ್ತು ಅರ್ಕಾವತ್ತು, ಕೆಳಗೆ ಒತ್ತಕ್ಷರ, ಕೆಲವೊಮ್ಮೆ ಒತ್ತಿಗೂ ಒತ್ತು. ಫಲಕದಲ್ಲಿ ಕನ್ನಡಕ್ಕೆ ಮೀಸಲಾದ ಪಟ್ಟಿಯ ಎತ್ತರದಲ್ಲಿ ಗಣನೀಯ ಪಾಲು ಒತ್ತಕ್ಷರಗಳಿಗೆ ಬಿಟ್ಟುಕೊಡಬೇಕಾಗುತ್ತದೆ. ಉಳಿದ ಭಾಗದಲ್ಲಿ ಮೂಲಾಕ್ಷರ ಕುಗ್ಗುತ್ತದೆ. ಆದುದರಿಂದ ಸಮಾನ ವಿಸ್ತೀರ್ಣವೆಂದರೆ ಸಮಾನ ಓದಿಕೆಯಲ್ಲ. ಶೇಕಡಾ 60ರಷ್ಟು ಜಾಗ ಪಡೆದ ಕನ್ನಡವೂ ರಸ್ತೆಯ ಆಚೆ ಬದಿಯಿಂದ ನೋಡುವವನಿಗೆ ಶೇಕಡಾ 40ರ ಇಂಗ್ಲಿಷಿಗಿಂತ ಮಸುಕಾಗಿ ಕಾಣಬಹುದು. ಇಂಗ್ಲಿಷ್ ಪದಗಳ ಲಿಪ್ಯಂತರದಲ್ಲಿ ಈ ತೊಂದರೆ ಇನ್ನೂ ಹೆಚ್ಚುತ್ತದೆ. 'ಅಂಗಡಿ', 'ಮಳಿಗೆ', 'ದಿನಸಿ', 'ಬಟ್ಟೆ' ಎಂಬ ಪದಗಳಲ್ಲಿ ಒತ್ತುಗಳು ಇಲ್ಲವೇ ಇಲ್ಲ ಅಥವಾ ಒಂದೇ ಇದೆ. 'ಎಲೆಕ್ಟ್ರಿಕಲ್ಸ್' ಎಂಬಲ್ಲಿ ವ್ಯಂಜನಗಳು ಒಂದರ ಕೆಳಗೊಂದು ಜೋತುಬೀಳುತ್ತವೆ. ಕನ್ನಡದ ಪದ ಕನ್ನಡದ ಲಿಪಿಗೆ ಒಗ್ಗುತ್ತದೆ ಎಂಬ ಸರಳ ಸಂಗತಿಯನ್ನು ವಿಸ್ತೀರ್ಣದ ಲೆಕ್ಕ ಗ್ರಹಿಸುವುದಿಲ್ಲ.

ಮೂರನೆಯದು ವ್ಯಾಪಾರದ ಪದಸಂಪತ್ತಿನ ಪ್ರಶ್ನೆ. ಕನ್ನಡ ನಾಡಿನ ಪೇಟೆಗಳು ನಿಯಮದ ಒತ್ತಾಯವಿಲ್ಲದೆಯೇ ತಮ್ಮ ಫಲಕಗಳ ಭಾಷೆಯನ್ನು ಕಟ್ಟಿಕೊಂಡಿದ್ದವು. ಉತ್ತರ ಕರ್ನಾಟಕದ ಖಾನಾವಳಿ ಮತ್ತು ಕಿರಾಣಿ ಅಂಗಡಿ, ಹಳೆಯ ಮೈಸೂರು ಭಾಗದ ಮಂಡಿ, ಭಂಡಾರ ಮತ್ತು ದಿನಸಿ ಅಂಗಡಿ, ವಸ್ತ್ರಾಲಯ, ಉಪಾಹಾರ ಗೃಹ, ವಿಲಾಸ, ಭವನ ಇವೆಲ್ಲ ಒಂದೊಂದು ಬಗೆಯ ವ್ಯಾಪಾರವನ್ನೂ ಅದರ ಅಂತಸ್ತನ್ನೂ ಪ್ರದೇಶವನ್ನೂ ಒಮ್ಮೆಗೇ ಹೇಳುತ್ತಿದ್ದವು. ಇದಕ್ಕೆ ಉತ್ತಮ ನಿದರ್ಶನ 'ದರ್ಶಿನಿ'. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ನಿಂತು ತಿನ್ನುವ, ಸ್ವಸಹಾಯ ಪದ್ಧತಿಯ ಹೋಟೆಲುಗಳು ಆರಂಭವಾದಾಗ ಒಂದು ಮಳಿಗೆಯ ಹೆಸರಿನ ಭಾಗವಾಗಿದ್ದ ಈ ಪದ ಕೆಲವೇ ವರ್ಷಗಳಲ್ಲಿ ಒಂದು ಬಗೆಯ ಹೋಟೆಲಿನ ಜಾತಿವಾಚಕವಾಗಿ ನಗರದಾದ್ಯಂತ ಹರಡಿತು. ಇದನ್ನು ಯಾವ ಪ್ರಾಧಿಕಾರವೂ ಟಂಕಿಸಲಿಲ್ಲ, ಯಾವ ನಿಯಮವೂ ಹೇರಲಿಲ್ಲ. ವ್ಯಾಪಾರಿಗೆ ಅದು ಗಿರಾಕಿಯನ್ನು ಕರೆಯುವ ಪದವಾಯಿತು, ಗಿರಾಕಿಗೆ ಒಳಗೇನಿದೆ ಎಂದು ತಿಳಿಸುವ ಪದವಾಯಿತು. ಫಲಕದ ಭಾಷೆ ಬೆಳೆಯುವ ಬಗೆ ಇದು. ಶೇಕಡಾವಾರು ನಿಯಮ ಇಂಥ ಬೆಳವಣಿಗೆಯನ್ನು ತಡೆಯುವುದಿಲ್ಲ, ನಿಜ. ಆದರೆ ಅದಕ್ಕೆ ಪ್ರೇರಣೆಯನ್ನೂ ಕೊಡುವುದಿಲ್ಲ. ಲಿಪ್ಯಂತರದಿಂದಲೇ ದಂಡ ತಪ್ಪುವುದಾದರೆ ಹೊಸ ಪದವನ್ನು ಹುಡುಕುವ ಶ್ರಮವನ್ನು ವ್ಯಾಪಾರಿ ಏಕೆ ವಹಿಸಬೇಕು?

4

ನಾಮಫಲಕದಲ್ಲಿ ಕನ್ನಡ ಒತ್ತಾಯದಿಂದ ಬರುತ್ತಿದ್ದರೆ ಸಮಾರಂಭ ಫಲಕದಲ್ಲಿ ಅದು ತಾನಾಗಿ ಬರುತ್ತದೆ. ಈ ವಿರೋಧಾಭಾಸವನ್ನು ನಮ್ಮ ಚರ್ಚೆಗಳು ಸಾಕಷ್ಟು ಗಮನಿಸಿಲ್ಲ. ಗಣಪತಿಯ ಪೆಂಡಾಲಿನ ಮುಂದಿನ ಬ್ಯಾನರಿಗೆ, ಊರಹಬ್ಬದ ಕಮಾನಿಗೆ, ಗೆಳೆಯರ ಬಳಗದ ಶುಭಾಶಯಕ್ಕೆ, ತೀರಿಕೊಂಡ ಹಿರಿಯರ ಶ್ರದ್ಧಾಂಜಲಿಗೆ ಕನ್ನಡವನ್ನು ಬಳಸಬೇಕೆಂದು ಯಾರೂ ಆಜ್ಞಾಪಿಸಬೇಕಾಗಿಲ್ಲ. ಇಂಗ್ಲಿಷ್ ಫಲಕಗಳೇ ತುಂಬಿದ ಬೀದಿಯಲ್ಲಿಯೂ ನವೆಂಬರ್ ತಿಂಗಳಲ್ಲಿ ಕಂಬದಿಂದ ಕಂಬಕ್ಕೆ ಕನ್ನಡವೇ ಕಾಣುತ್ತದೆ. ಬರೆಯುವ ಅಧಿಕಾರ ಹೆಚ್ಚಾಗಿ ಇಲ್ಲದ ಜನವರ್ಗಗಳು, ಅಂದರೆ ಆಟೋ ಚಾಲಕರ ಸಂಘ, ತರಕಾರಿ ಮಾರುಕಟ್ಟೆಯ ಕೂಲಿಗಾರರು, ಬಡಾವಣೆಯ ಯುವಕರ ಸಂಘ, ನಟನೊಬ್ಬನ ಅಭಿಮಾನಿಗಳು, ತಮ್ಮ ಹೆಸರನ್ನು ಸಾರ್ವಜನಿಕವಾಗಿ ಬರೆದುಕೊಳ್ಳುವ ಸ್ಥಳವೂ ಇದೇ.

ಈ ಬ್ಯಾನರುಗಳ ರಚನೆಯನ್ನು ಗಮನಿಸಿದರೆ ಒಂದು ಸ್ಥಿರವಾದ ವಿನ್ಯಾಸ ಕಾಣುತ್ತದೆ. ತುದಿಯಲ್ಲಿ ದೇವತೆಯ ಹೆಸರು ಅಥವಾ ಪ್ರಸನ್ನತೆಯ ವಾಕ್ಯ. ಅದರ ಕೆಳಗೆ ಪೂಜ್ಯರ, ನಾಯಕರ ಭಾವಚಿತ್ರಗಳ ಸಾಲು. ನಡುವೆ ಬಿರುದುಗಳಿಂದ ಕೂಡಿದ ವ್ಯಕ್ತಿಯ ಹೆಸರು ಮತ್ತು ಸಂದರ್ಭ. ಬಳಿಕ ತಿಥಿ, ವಾರ, ಸ್ಥಳ. ಕೊನೆಗೆ 'ಶುಭ ಕೋರುವವರು' ಎಂಬ ಶೀರ್ಷಿಕೆಯಡಿ ಸಣ್ಣ ಭಾವಚಿತ್ರಗಳೊಡನೆ ಹೆಸರುಗಳ ಪಟ್ಟಿ. ಮಂಗಳವಾಕ್ಯ, ಪ್ರಶಸ್ತಿ, ಕಾಲನಿರ್ದೇಶನ, ದತ್ತಿಯ ವಿವರ, ಸಾಕ್ಷಿಗಳ ಪಟ್ಟಿ ಎಂಬ ಶಾಸನಗಳ ಅಂಗವಿಭಾಗವನ್ನು ಬಲ್ಲವರಿಗೆ ಈ ವಿನ್ಯಾಸ ಅಪರಿಚಿತವೆನಿಸದು. ಒಂದರಿಂದ ಮತ್ತೊಂದು ಹುಟ್ಟಿತೆಂದು ಹೇಳುವುದಕ್ಕೆ ಆಧಾರಗಳಿಲ್ಲ. ಆದರೆ ಸಾರ್ವಜನಿಕವಾಗಿ ಬರೆಯುವ ಸಮುದಾಯವು ಯಾರ ಕೃಪೆಯಲ್ಲಿ, ಯಾರ ಹೆಸರಿನಲ್ಲಿ, ಯಾವ ಕಾಲದಲ್ಲಿ, ಯಾರ ವೆಚ್ಚದಲ್ಲಿ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಲು ಬಯಸುತ್ತದೆ ಎಂಬುದು ಎರಡರಲ್ಲಿಯೂ ಸಮಾನ. ಮುಖ್ಯ ಭೇದವೆಂದರೆ ಶಾಸನ ತನ್ನನ್ನು ಅಳಿಸುವವರಿಗೆ ಶಾಪಾಶಯವನ್ನು ಕಾದಿರಿಸಿತ್ತು. ಬ್ಯಾನರಿನ ವಿಷಯದಲ್ಲಿ ಕಾನೂನಿನ ಶಿಕ್ಷೆ ಬರೆದವನಿಗೇ ಕಾದಿದೆ.

ಇಷ್ಟು ಹೇಳಿದ ಮಾತ್ರಕ್ಕೆ ನಿಯಂತ್ರಣ ಅನಗತ್ಯವೆಂದಾಗದು. ಪಾದಚಾರಿ ಮಾರ್ಗವನ್ನು ಕಟ್ಟಿಹಾಕುವ, ಸಂಚಾರ ದೀಪವನ್ನು ಮರೆಮಾಡುವ, ಮರಕ್ಕೆ ಮೊಳೆ ಹೊಡೆದು ನಿಲ್ಲಿಸುವ ಫಲಕಗಳಿಂದ ಆಗುವ ಹಾನಿ ಪ್ರತ್ಯಕ್ಷವಾದುದು. 2019ರ ಸೆಪ್ಟೆಂಬರಿನಲ್ಲಿ ಚೆನ್ನೈ ನಗರದಲ್ಲಿ ಮದುವೆಯ ಫಲಕವೊಂದು ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ಯುವತಿಯ ಮೇಲೆ ಬಿದ್ದು, ರಸ್ತೆಗುರುಳಿದ ಆಕೆ ಹಿಂದಿನಿಂದ ಬಂದ ಲಾರಿಗೆ ಸಿಲುಕಿ ಪ್ರಾಣ ಕಳೆದುಕೊಂಡದ್ದನ್ನು ಮರೆಯುವಂತಿಲ್ಲ. ಬಹುತೇಕ ಫಲಕಗಳು ಸಮುದಾಯದ ಮಾತಿಗಿಂತ ನಾಯಕರ ಓಲೈಕೆಗೇ ಮೀಸಲು ಎಂಬುದೂ ದಿಟ. ಪಿವಿಸಿ ಹಾಳೆ ಮಣ್ಣಿನಲ್ಲಿ ಕರಗುವಂಥದಲ್ಲ, ಸುಟ್ಟರೆ ವಿಷಾನಿಲ ಬಿಡುವಂಥದು. ಆಕ್ಷೇಪವಿರುವುದು ನಿಯಂತ್ರಣದ ಬಗೆಗಲ್ಲ, ನಿಯಂತ್ರಣದ ಕಲ್ಪನೆಯ ಬಗೆಗೆ. 1981ರ ಕಾನೂನಿನ ಶೀರ್ಷಿಕೆಯಲ್ಲಿರುವ 'ವಿರೂಪ' ಎಂಬ ಪದವು ಅನುಮತಿಯಿಲ್ಲದ ಬರಹವನ್ನೆಲ್ಲ ಒಂದೇ ರಾಶಿಗೆ ಸೇರಿಸುತ್ತದೆ. ಸಾಹಿತ್ಯ ಗೋಷ್ಠಿಯ ಬಟ್ಟೆಯ ಬ್ಯಾನರು, ರಕ್ತದಾನ ಶಿಬಿರದ ಭಿತ್ತಿಪತ್ರ, ನಲವತ್ತು ಅಡಿಯ ಹುಟ್ಟುಹಬ್ಬದ ಕಟೌಟು ಇವುಗಳಲ್ಲಿ ಅದು ಭೇದವೆಣಿಸುವುದಿಲ್ಲ. ಪರಿಣಾಮವಾಗಿ ಅನುಷ್ಠಾನದ ಹೊತ್ತಿಗೆ ಭೇದವನ್ನು ಮಾಡುವುದು ಬಲವೇ. ದುರ್ಬಲರ ಬ್ಯಾನರು ಮೊದಲು ಇಳಿಯುತ್ತದೆ, ಪ್ರಭಾವಿಗಳ ಕಟೌಟು ಸಮಾರಂಭ ಮುಗಿಯುವವರೆಗೂ ನಿಲ್ಲುತ್ತದೆ.

ಈ ಇತಿಹಾಸದಲ್ಲಿ ಇನ್ನೊಂದು ನಷ್ಟವನ್ನೂ ದಾಖಲಿಸಬೇಕು. ಈ ಶತಮಾನದ ಮೊದಲ ದಶಕದಲ್ಲಿ ಗಣಕಯಂತ್ರದ ಮುದ್ರಣದಿಂದ ಫ್ಲೆಕ್ಸ್ ಅಗ್ಗವಾಗಿ ದೊರೆಯುವವರೆಗೂ ಫಲಕಗಳನ್ನು ಬರೆಯುತ್ತಿದ್ದವರು ಕುಂಚ ಹಿಡಿದ ಕಲಾವಿದರು. ಬಟ್ಟೆ, ತಗಡು, ಗೋಡೆ ಇವುಗಳ ಮೇಲೆ ಬರೆದು ಮೂಲೆಯಲ್ಲಿ ತಮ್ಮ 'ಆರ್ಟ್ಸ್' ಹೆಸರನ್ನು ಸಣ್ಣದಾಗಿ ನಮೂದಿಸುತ್ತಿದ್ದ ಇವರು ಒಂದೊಂದು ಊರಿಗೂ ತನ್ನದೇ ಆದ ಅಕ್ಷರರೂಪವನ್ನು ಕೊಟ್ಟಿದ್ದರು. ಒತ್ತಕ್ಷರವನ್ನು ಎಲ್ಲಿ ಕುಗ್ಗಿಸಬೇಕು, ದೀರ್ಘವನ್ನು ಎಲ್ಲಿ ಚಾಚಬೇಕು, ದೂರದಿಂದ ಓದುವವನಿಗೆ ಯಾವ ಬಣ್ಣದ ಮೇಲೆ ಯಾವ ಬಣ್ಣ ನಿಲ್ಲುತ್ತದೆ ಎಂಬುದು ಅವರ ಕೈಯಲ್ಲಿದ್ದ ಜ್ಞಾನ. ಮೇಲೆ ಚರ್ಚಿಸಿದ ಲಿಪಿಯ ತೊಡಕಿಗೆ ಅವರು ದಿನನಿತ್ಯ ಪರಿಹಾರ ಕಂಡುಕೊಳ್ಳುತ್ತಿದ್ದರು. ಫ್ಲೆಕ್ಸ್ ಅವರ ಜೀವನೋಪಾಯವನ್ನು ಕಿತ್ತುಕೊಂಡಿತು. ಬೆರಳಚ್ಚಿನ ಅವಸರದಲ್ಲಿ 'ಶುಭಾಶಯ'ವು 'ಶುಭಾಷಯ'ವಾಯಿತು. ತಂತ್ರಾಂಶದಿಂದ ತಂತ್ರಾಂಶಕ್ಕೆ ಸಾಗುವಾಗ ಒತ್ತುಗಳು ಕಳಚಿ ಬಿದ್ದವು. ಫ್ಲೆಕ್ಸ್ ನಿಷೇಧವಾದಾಗ ಬಟ್ಟೆಯ ಮೇಲಿನ ಕೈಬರಹಕ್ಕೆ ಮರಳುವ ಅವಕಾಶವೊಂದು ತೆರೆದಿತ್ತು. ನಿಯಮಗಳು ವಸ್ತುವನ್ನು ನಿಷೇಧಿಸಿದವೇ ಹೊರತು ಪರ್ಯಾಯವನ್ನು ಪೋಷಿಸಲಿಲ್ಲ.

5

ಇತರ ಪ್ರದೇಶಗಳ ನಿಯಮಗಳೊಂದಿಗೆ ಹೋಲಿಸಿದಾಗ ಈ ವಿಶ್ಲೇಷಣೆ ಇನ್ನಷ್ಟು ಸ್ಪಷ್ಟವಾಗುತ್ತದೆ. ತಮಿಳುನಾಡು ತಮಿಳು, ಇಂಗ್ಲಿಷ್ ಮತ್ತು ಇತರ ಭಾಷೆಗಳಿಗೆ 5:3:2ರ ಅನುಪಾತವನ್ನು ನಿಗದಿಪಡಿಸಿತು. ಇದು ಕರ್ನಾಟಕದ ಶೇಕಡಾವಾರು ಕ್ರಮದ ಸೋದರ. ಮಹಾರಾಷ್ಟ್ರ 2022ರ ತಿದ್ದುಪಡಿಯಲ್ಲಿ ವಿಸ್ತೀರ್ಣದ ಬದಲು ಅಕ್ಷರದ ಗಾತ್ರವನ್ನು ಹಿಡಿಯಿತು. ದೇವನಾಗರಿಯ ಮರಾಠಿ ಅಕ್ಷರಗಳು ಇತರ ಲಿಪಿಯ ಅಕ್ಷರಗಳಿಗಿಂತ ಚಿಕ್ಕದಾಗಿರಬಾರದು ಎಂಬುದು ಅದರ ತಾತ್ಪರ್ಯ. ಇದನ್ನು ಪ್ರಶ್ನಿಸಿದ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟಕ್ಕೆ ಸರ್ವೋಚ್ಚ ನ್ಯಾಯಾಲಯವು 2023ರ ಸೆಪ್ಟೆಂಬರಿನಲ್ಲಿ, ದಸರಾ ಮತ್ತು ದೀಪಾವಳಿಗಳ ಮುಂಚೆ ಫಲಕಗಳನ್ನು ಬದಲಿಸುವುದರಿಂದ ವ್ಯಾಪಾರಕ್ಕೇ ಲಾಭವಲ್ಲವೇ ಎಂಬ ಅರ್ಥದ ಮಾತನ್ನು ಹೇಳಿ ಎರಡು ತಿಂಗಳ ಅವಧಿ ನೀಡಿತು. ಅಕ್ಷರದ ಗಾತ್ರ ವಿಸ್ತೀರ್ಣಕ್ಕಿಂತ ಓದಿಕೆಗೆ ಹತ್ತಿರವಾದ ಮಾನದಂಡ. ಆದರೂ ಅದು ಅರ್ಥದ ಪ್ರಶ್ನೆಯನ್ನು ಮುಟ್ಟುವುದಿಲ್ಲ.

ಅರ್ಥದ ಪ್ರಶ್ನೆಯನ್ನು ಮುಟ್ಟಿದ್ದು ಕೆನಡಾದ ಕ್ವಿಬೆಕ್ ಪ್ರಾಂತ. 1977ರ ಫ್ರೆಂಚ್ ಭಾಷಾ ಸನ್ನದು ವಾಣಿಜ್ಯ ಫಲಕಗಳಲ್ಲಿ ಫ್ರೆಂಚನ್ನು ಮಾತ್ರ ಅನುಮತಿಸಿತ್ತು. 1988ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಇತರ ಭಾಷೆಗಳ ಸಂಪೂರ್ಣ ನಿಷೇಧವನ್ನು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ತೀರ್ಪಿತ್ತಿತು; ಆದರೆ ಫ್ರೆಂಚಿಗೆ ಪ್ರಾಧಾನ್ಯ ಕೊಡುವುದು ಸಮರ್ಥನೀಯವೆಂದು ಸೂಚಿಸಿತು. 1993ರ ತಿದ್ದುಪಡಿ ಅದರಂತೆ ಇತರ ಭಾಷೆಗಳಿಗೆ ಅವಕಾಶ ಕೊಟ್ಟು, ಫ್ರೆಂಚಿನ 'ದೃಷ್ಟಿಪ್ರಭಾವ' ಹೆಚ್ಚಾಗಿರಬೇಕೆಂಬ ತತ್ತ್ವವನ್ನು ತಂದಿತು. 2016ರಲ್ಲಿ ಬಂದ ನಿಯಮ ಮತ್ತೂ ಕುತೂಹಲಕರ. ವ್ಯಾಪಾರ ಚಿಹ್ನೆ ಇಂಗ್ಲಿಷಿನಲ್ಲಿಯೇ ಇದ್ದರೂ ಅದರ ಜೊತೆಗೆ ಮಳಿಗೆಯ ಸ್ವರೂಪವನ್ನೋ ಸರಕನ್ನೋ ಹೇಳುವ ಫ್ರೆಂಚ್ ಪದ ಕಾಣುವಂತಿದ್ದರೆ ಸಾಕೆಂದು ಅದು ಒಪ್ಪಿತು. ಹೆಸರನ್ನು ಲಿಪ್ಯಂತರಿಸುವ ಬದಲು ವಿಷಯವನ್ನು ತಿಳಿಸು ಎಂಬುದು ಇದರ ಸಾರ. 2025ರ ಜೂನ್ 1ರಿಂದ ಫ್ರೆಂಚ್ ಬರಹಕ್ಕೆ ಎರಡು ಪಟ್ಟು ಸ್ಥಳವಿರಬೇಕೆಂಬ ಕಟ್ಟುನಿಟ್ಟು ಬಂದಾಗಲೂ ಈ ವಿವರಣಾ ಪದದ ಕಲ್ಪನೆ ಉಳಿದುಕೊಂಡಿತು. ಲಿಪಿಭೇದವಿಲ್ಲದ ಆ ಪ್ರಾಂತದಲ್ಲಿ ಲಿಪ್ಯಂತರದ ಸುಲಭ ದಾರಿ ಇರಲಿಲ್ಲವಾದ್ದರಿಂದ ಅಲ್ಲಿನ ನಿಯಮಕಾರರು ಪದದ ಅರ್ಥದ ಬಗೆಗೆ ಯೋಚಿಸಲೇಬೇಕಾಯಿತು ಎಂದು ಊಹಿಸಬಹುದು. ನಮ್ಮ ಲಿಪಿ ನಮ್ಮದೇ ಆಗಿರುವ ಭಾಗ್ಯ ಈ ಯೋಚನೆಯಿಂದ ನಮ್ಮನ್ನು ವಿಮುಖಗೊಳಿಸಿದೆ.

ಒತ್ತಾಯದ ನೈತಿಕತೆಯ ಪ್ರಶ್ನೆಯನ್ನೂ ಇಲ್ಲಿಯೇ ಎತ್ತಿಕೊಳ್ಳಬೇಕು. 1995ರ ಟಾಟಾ ಪ್ರೆಸ್ ಪ್ರಕರಣದಲ್ಲಿ ವಾಣಿಜ್ಯ ಅಭಿವ್ಯಕ್ತಿಯೂ ಸಂವಿಧಾನದ 19(1)(ಎ) ವಿಧಿಯ ರಕ್ಷಣೆಗೆ ಒಳಪಡುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಅದೇ ತೀರ್ಪು ಜಾಹೀರಾತಿನ ಮಾಹಿತಿಯನ್ನು ಪಡೆಯುವ ಸಾರ್ವಜನಿಕರ ಹಕ್ಕನ್ನೂ ಎತ್ತಿಹಿಡಿಯಿತು. ಕನ್ನಡ ನಾಮಫಲಕದ ನಿಯಮಕ್ಕೆ ಭದ್ರವಾದ ನೆಲೆ ಇಲ್ಲಿದೆ. ಕನ್ನಡದ ಗೌರವಕ್ಕಾಗಿ ಫಲಕ ಎಂದಾಗ ಅದು ವ್ಯಾಪಾರಿಯ ಮೇಲಿನ ಹೇರಿಕೆಯೆಂದು ತೋರಬಹುದು. ಕನ್ನಡದ ಓದುಗನಿಗೆ ಮಾಹಿತಿ ಎಂದಾಗ ಅದು ಗ್ರಾಹಕನ ಹಕ್ಕಾಗುತ್ತದೆ. ಔಷಧದ ಅಂಗಡಿ ಯಾವುದು, ಹೆರಿಗೆ ಆಸ್ಪತ್ರೆ ಯಾವುದು, ರಕ್ತಪರೀಕ್ಷೆಯ ಕೇಂದ್ರ ಯಾವುದು ಎಂದು ಹಳ್ಳಿಯಿಂದ ಬಂದವರು ಬೇರೊಬ್ಬರನ್ನು ಕೇಳದೆ ತಿಳಿಯಬೇಕು ಎಂಬುದು ಭಾಷಾಭಿಮಾನದ ಮಾತಷ್ಟೇ ಅಲ್ಲ, ನಾಗರಿಕ ಸೌಕರ್ಯದ ಮಾತು. ಈ ತತ್ತ್ವಕ್ಕೆ ಮತ್ತೊಂದು ಗುಣವಿದೆ. ಗಡಿಯ ಆಚೆಗೂ ಅದು ಸಲ್ಲುತ್ತದೆ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಕನ್ನಡದ ಓದುಗನು ಅಲ್ಪಸಂಖ್ಯಾತ. ಬಹುಸಂಖ್ಯೆಯ ಗೌರವವನ್ನು ಆಧರಿಸಿದ ನಿಯಮ ಅವನನ್ನು ಕಾಯದು, ಓದುಗನ ಹಕ್ಕನ್ನು ಆಧರಿಸಿದ ನಿಯಮ ಕಾಯಬಲ್ಲುದು. ಬೆಳಗಾವಿಯ ಮರಾಠಿ ಓದುಗನ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ ಎಂಬುದನ್ನು ಒಪ್ಪಿಕೊಳ್ಳುವ ಧೈರ್ಯ ಅದಕ್ಕೆ ಬೇಕಾಗುತ್ತದೆ.

6

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳನ್ನು ತಲುಪಬಹುದು. ನಾಮಫಲಕದ ನಿಯಮವು ಜಾಗದ ಪ್ರಮಾಣದ ಜೊತೆಗೆ ಎರಡು ಪ್ರಶ್ನೆಗಳನ್ನು ಕೇಳಬೇಕು: ರಸ್ತೆಯಲ್ಲಿ ನಡೆಯುವವರಿಗೆ ಕನ್ನಡದ ಬರಹ ಇತರ ಬರಹದಷ್ಟೇ ಸಲೀಸಾಗಿ ಓದಲು ಬರುತ್ತದೆಯೇ? ಒಳಗೆ ದೊರೆಯುವ ಸರಕು ಅಥವಾ ಸೇವೆ ಯಾವುದೆಂಬುದು ಕನ್ನಡದ ಪದದಿಂದ ತಿಳಿಯುತ್ತದೆಯೇ? ಮೊದಲನೆಯದಕ್ಕೆ ವಿಸ್ತೀರ್ಣದ ಬದಲು ಒತ್ತಕ್ಷರಗಳನ್ನು ಬಿಟ್ಟು ಮೂಲಾಕ್ಷರದ ಎತ್ತರವನ್ನು ಮಾನದಂಡವಾಗಿಸುವುದು ಲಿಪಿಗೆ ನ್ಯಾಯ ಒದಗಿಸುತ್ತದೆ. ಎರಡನೆಯದಕ್ಕೆ ವ್ಯಾಪಾರ ಚಿಹ್ನೆಯನ್ನು ಹಾಗೆಯೇ ಬಿಟ್ಟು ಒಂದು ಕನ್ನಡ ವಿವರಣಾ ಪದವನ್ನು ಕಡ್ಡಾಯಗೊಳಿಸಬಹುದು. ಬಳಕೆಯಲ್ಲಿರುವ ವ್ಯಾಪಾರದ ಪದಗಳನ್ನು ಪ್ರದೇಶಾನುಸಾರ ಸಂಗ್ರಹಿಸಿ ಪ್ರಕಟಿಸುವ ಕೆಲಸ ಅಕಾಡೆಮಿಗಳಿಗೂ ವಿಶ್ವವಿದ್ಯಾಲಯಗಳಿಗೂ ಸೇರಿದ್ದು. ಅಧಿಕಾರಿ ಅಳತೆಪಟ್ಟಿ ಹಿಡಿದು ಹೋಗುವ ಮೊದಲು ವ್ಯಾಪಾರಿಯ ಕೈಗೆ ಇಂಥ ಪಟ್ಟಿ ಸೇರಿರಬೇಕು. 2022ರ ಅಧಿನಿಯಮವು ಮೊದಲ ಉಲ್ಲಂಘನೆಗೆ 5,000 ರೂಪಾಯಿ, ಎರಡನೆಯದಕ್ಕೆ 10,000 ರೂಪಾಯಿವರೆಗಿನ ದಂಡವನ್ನು ಹೇಳುತ್ತದೆ. ಪದವನ್ನು ಒದಗಿಸದೆ ದಂಡವನ್ನು ಮಾತ್ರ ಒದಗಿಸುವುದು ಭಾಷಾಭಿವೃದ್ಧಿ ಎನಿಸದು.

ಸಮಾರಂಭ ಫಲಕದ ನಿಯಮವು ಅನುಮತಿ ಮತ್ತು ವಿರೂಪಗಳ ದ್ವಂದ್ವದಿಂದ ಹೊರಬರಬೇಕು. ಪ್ರತಿ ಬಡಾವಣೆಯಲ್ಲಿ ಗೊತ್ತುಪಡಿಸಿದ ಸ್ಥಳ, ಸಂಚಾರಕ್ಕೆ ತೊಡಕಾಗದ ಗಾತ್ರ, ಬಟ್ಟೆ ಅಥವಾ ಕಾಗದದಂಥ ವಸ್ತು, ಸಮಾರಂಭಕ್ಕೆ ಮುಂಚಿನ ಮತ್ತು ಅನಂತರದ ದಿನಗಳ ಮಿತಿ, ತೆಗೆಯುವ ಹೊಣೆ ಹೊರುವವರ ಹೆಸರು ಇಷ್ಟನ್ನು ಮುಂಚಿತವಾಗಿ ಪ್ರಕಟಿಸಿದರೆ ಸಣ್ಣ ಸಂಘಗಳು ಯಾರ ಶಿಫಾರಸೂ ಇಲ್ಲದೆ ಬರೆಯಬಹುದು. ಆ ಮಿತಿಯನ್ನು ಮೀರಿದವರು ಯಾರೇ ಆದರೂ ಶಿಕ್ಷಿಸುವುದಕ್ಕೆ ಆಡಳಿತಕ್ಕೆ ನೈತಿಕ ಬಲವೂ ಬರುತ್ತದೆ. ಕೈಬರಹದ ಬಟ್ಟೆಯ ಫಲಕಗಳಿಗೆ ಶುಲ್ಕದ ರಿಯಾಯಿತಿ ಕೊಟ್ಟರೆ ಉಳಿದಿರುವ ಕೆಲವರಾದರೂ ಅಕ್ಷರ ಕಲಾವಿದರು ಮತ್ತೆ ಕುಂಚ ಹಿಡಿಯಬಹುದು.

ಈ ಪುನರ್ವಿಚಾರಕ್ಕೆ ಕಾಲವೂ ಒದಗಿಬಂದಿದೆ. 2024ರ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ ಜಾರಿಗೆ ಬಂದು, 2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಒಂದೇ ರಸ್ತೆಯ ಎರಡು ಬದಿಗಳು ಎರಡು ಪಾಲಿಕೆಗಳಿಗೆ ಸೇರಬಹುದಾದ ಈ ವ್ಯವಸ್ಥೆಯಲ್ಲಿ ಹಳೆಯ ಉಪವಿಧಿಗಳನ್ನು ಹಾಗೆಯೇ ನಕಲು ಮಾಡಿದರೆ ಗೊಂದಲ ಐದುಪಟ್ಟಾಗುತ್ತದೆ. ಹೊಸದಾಗಿ ಬರೆಯುವುದಾದರೆ ನಾಮಫಲಕವನ್ನೂ ಸಮಾರಂಭ ಫಲಕವನ್ನೂ ಒಂದೇ ಅಧ್ಯಾಯದಲ್ಲಿ, ಓದುಗನನ್ನು ಕೇಂದ್ರವಾಗಿಟ್ಟುಕೊಂಡು ಬರೆಯುವ ಅವಕಾಶವಿದೆ. ಬೀದಿಯಲ್ಲಿ ಕನ್ನಡ ಎಷ್ಟು ಅಡಿ ಇದೆ ಎಂಬ ಲೆಕ್ಕ ಬೇಕಾದದ್ದೇ. ಆ ಬೀದಿಯಲ್ಲಿ ಕನ್ನಡದಿಂದ ಯಾರಿಗೆ ಏನು ತಿಳಿಯುತ್ತದೆ, ಕನ್ನಡದಲ್ಲಿ ಯಾರು ಏನನ್ನು ಬರೆಯಬಲ್ಲರು ಎಂಬ ಎರಡು ಪ್ರಶ್ನೆಗಳನ್ನು ಆ ಲೆಕ್ಕದ ಪಕ್ಕದಲ್ಲಿ ಇರಿಸಿದಾಗ ಮಾತ್ರ ಸ್ಥಳೀಯ ನಿಯಮವು ಭಾಷಾನೀತಿಯ ಅಂಗವಾಗುತ್ತದೆ.